ಕಲ್ಲುದಿಣ್ಣೆಯ ಮೇಲೆ ಹೇಳಿದ ಮಾತು

ಲ್ಯಾಂಡರ್, ವಯೋಮಿಂಗ್
ಗುರುವಾರ, ೧೭ ಜುಲೈ ೧೯೯೭

ಮುದ್ದು ಮಾರ್ಲಿಸ್,

ನಿನ್ನ ಹುಟ್ಟುಹಬ್ಬಕ್ಕೆ ಬರೆಯಬೇಕಾಗಿದ್ದ ಕಾಗದವನ್ನು ಈಗ ಬರೆಯುತ್ತಿದ್ದೇನೆ, ಬೈಯಬೇಡ. ಕಾರ್ಡೇನೋ ಕೊಂಡಿದ್ದೆ. ಅದು ಪ್ರೋವೋದ ಮನೆಯ ಅಡುಗೆಮನೆಯಲ್ಲಿ ಎಲ್ಲೋ ಡಬ್ಬಿಗಳ ಹಿಂದೆ ಬಿದ್ದಿರಬೇಕು. ಪೋರ್ಟ್‌ಲ್ಯಾಂಡಿನಲ್ಲಿ ನೀನು ಚೆನ್ನಾಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ಎಂದುಕೊಂಡಿದ್ದೇನೆ. ನಾನು ಮೋಟೆಲಿನ ಪಕ್ಕದ ಲಾಂಡ್ರಿಯಲ್ಲಿ ಕೂತಿದ್ದೇನೆ. ಅಪ್ಪನ ಬಟ್ಟೆ ಒಗೆದು ಮುಗಿಯುವುದರೊಳಗೆ ಈ ಕಾಗದ ಮುಗಿಯಬೇಕು, ಏಕೆಂದರೆ ಅವರು ಪಕ್ಕದಲ್ಲಿದ್ದರೆ ನನಗೆ ಇದನ್ನು ಬರೆಯಲು ಆಗುವುದಿಲ್ಲ. ಇಲ್ಲೇ ಬಾಗಿಲ ಹೊರಗೆ ಒಂದು ಫೋನು ನೇತಾಡುತ್ತಿದೆ. ಆದರೆ ನಿನ್ನ ದನಿ ಕೇಳಿದರೆ ನಾನು ಅತ್ತುಬಿಡುತ್ತೇನೆ, ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ.

ನಿನಗೆ ಗಾಬರಿಯಾಗಬಾರದೆಂದು ಮೊದಲೇ ಹೇಳುತ್ತೇನೆ. ಅಪ್ಪ ಬದುಕಿದ್ದಾರೆ, ಎದ್ದು ಓಡಾಡುತ್ತಿದ್ದಾರೆ, ಬೆಳಗ್ಗೆ ಮೊಟ್ಟೆ ಸರಿಯಾಗಿ ಬೆಂದಿಲ್ಲ ಎಂದು ಸಿಡುಕಿದ್ದೂ ಆಯಿತು. ಆದರೆ ಇಲ್ಲಿ ಒಂದು ಬಸ್ಸು ತುಂಬ ಜನ, ಮುಂದಿನ ಗುರುವಾರ ನೀನು ಸಾಲ್ಟ್ ಲೇಕಿಗೆ ಬರುತ್ತೀಯ, ಬಂದು ಮತ್ತೆ ನಮ್ಮ ಚರ್ಚಿನ ಸಭೆಗೆ ಸೇರುತ್ತೀಯ ಎಂದು ನಂಬಿಕೊಂಡು ಕೂತಿದ್ದಾರೆ. ನಂಬಿಸಿದವಳು ನಾನೇ. ಹೇಗೆ ಅಂತ ಹೇಳುತ್ತೇನೆ, ಕೇಳು.

ನಮ್ಮ ಸಭೆಯ ಹಿರಿಯರು ಸಾಲ್ಟ್ ಲೇಕಿಗೆ ಬಂದು ನೆಲೆಸಿ ನೂರೈವತ್ತು ವರ್ಷವಾಯಿತೆಂದು ಈ ಪ್ರವಾಸ ಹೊರಡಿಸಿದವರು ಅಪ್ಪನೇ ಎಂಬುದು ನಿನಗೆ ಗೊತ್ತು. ಒಮಾಹಾದಿಂದ ಸಾಲ್ಟ್ ಲೇಕಿನವರೆಗೆ ಅವರು ನಡೆದ ದಾರಿಯಲ್ಲೇ ನಮ್ಮ ಬಸ್ಸು. ಗೈಡೂ ಅವರೇ. ಮೂವತ್ತು ವರ್ಷ ಮೇಷ್ಟರಾಗಿದ್ದವರ ಕೈಗೆ ಮೈಕು ಸಿಕ್ಕರೆ ಕೇಳಬೇಕೆ? ನೆಬ್ರಾಸ್ಕಾ ಮುಗಿಯುವ ಹೊತ್ತಿಗೆ ಅರ್ಧ ಬಸ್ಸು ನಿದ್ದೆ ಹೋಗಿತ್ತು. ನಮ್ಮ ಹಳೆಯ ನೆರೆಮನೆಯ ಆರ್ಫಾ ಟೋಲ್ಮನ್ ಕೂಡ ಬಂದಿದ್ದಾಳೆ. ನಾಲಿಗೆ ಹಾಗೇ ಇದೆ. "ಬ್ರದರ್ ಥೇನ್, ನಮ್ಮ ಹಿರೀಕರು ಇಷ್ಟು ಮಾತು ಕೇಳ್ಕೊಂಡು ನಡೆದಿದ್ರೆ ಅರ್ಧ ದಾರೀಲೇ ವಾಪಸ್ ಹೋಗ್ತಿದ್ರು" ಅಂದಳು. ಅಪ್ಪ ನಕ್ಕರು. ಆ ನಗು ನೋಡಿ ನನಗೆ ಎಷ್ಟೋ ಸಮಾಧಾನವಾಗಿತ್ತು.

ಮಂಗಳವಾರ ಕಲ್ಲುದಿಣ್ಣೆ ಹತ್ತುವ ದಿನ. ಆ ಹಿರಿಯರ ಹಿಂದೆ ಕೆಲವು ವರ್ಷಕ್ಕೆ ಕೈಗಾಡಿ ಎಳೆದುಕೊಂಡು ಬಂದವರು ಹಿಮದಲ್ಲಿ ಹಸಿದು ಸತ್ತದ್ದು ಅಲ್ಲೇ. ನಮ್ಮ ಮನೆತನದವರೂ ಆ ಗುಂಪಿನಲ್ಲಿದ್ದರು. ಬಸ್ಸು ಹೋಗುವಷ್ಟು ಹೋಗಿ ಮಣ್ಣುದಾರಿಯಲ್ಲಿ ನಿಂತಿತು. ಅಲ್ಲಿಂದ ಮೇಲಕ್ಕೆ ನಾವೂ ಒಂದು ಕೈಗಾಡಿ ಎಳೆಯುವುದೆಂದು ನಿಶ್ಚಯವಾಗಿತ್ತು. ಅಪ್ಪ ಬಸ್ಸಿನ ಮೆಟ್ಟಿಲ ಹತ್ತಿರ ಬುಟ್ಟಿ ಹಿಡಿದು ನಿಂತರು. "ತಿನ್ನೋದು ಯಾರ ಹತ್ರಾನೂ ಇರಬಾರದು. ಅವರು ಬರಿಗೈಲಿ ಹತ್ತಿದ್ರು, ನಾವೂ ಹಂಗೇ ಹತ್ತೋಣ" ಅಂದರು. ಎಲ್ಲರೂ ಬಿಸ್ಕತ್ತು, ಕಡಲೆ, ಚಾಕೊಲೇಟು ಎಲ್ಲ ಬುಟ್ಟಿಗೆ ಹಾಕಿದರು. ನನ್ನ ಉದ್ದ ಲಂಗದ ಜೇಬಿನಲ್ಲಿ ಅಪ್ಪನ ಸಕ್ಕರೆ ಇಳಿದರೆ ಕೊಡಲೆಂದು ಯಾವಾಗಲೂ ಇಟ್ಟುಕೊಳ್ಳುವ ಪೆಪ್ಪರ್‌ಮಿಂಟು ಇತ್ತು. ಅದಕ್ಕೂ ಕೈ ಹಾಕಿ ತೆಗೆದರು. "ಗೈಡಿನ ಹೆಂಡ್ತಿಗೆ ಬೇರೆ ಕಾನೂನಿಲ್ಲ" ಅಂದಾಗ ಎಲ್ಲರೂ ನಕ್ಕರು. ಬೆಳಗ್ಗೆ ಅಪ್ಪ ಇನ್ಸುಲಿನ್ ಸೂಜಿ ಹಾಕಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ. ತಿಂಡಿ ಡ್ರೈವರ್ ಜೊತೆ ಮೊದಲೇ ಮುಗಿಸಿದೆ ಎಂದಿದ್ದರು. ಒಂದು ಗಂಟೆಯ ಮಾತು, ಏನೂ ಆಗದು ಎಂದು ನಾನೂ ನಕ್ಕೆ.

ಅರ್ಧ ಹತ್ತಿದ್ದೆವು. ಗಾಳಿ ತಣ್ಣಗೆ ಬೀಸುತ್ತಿತ್ತು, ಆದರೆ ಅಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೈಗಾಡಿ ಬಿಟ್ಟು ಒಬ್ಬರೇ ಮುಂದೆ ಮುಂದೆ ಹೋಗುತ್ತಿದ್ದರು. ಕಥೆ ಹೇಳಲು ನಿಂತವರು ನದಿಯ ಹೆಸರು ತಪ್ಪು ಹೇಳಿದರು. ಆ ಗುಂಪಿನಲ್ಲಿದ್ದ ತಮ್ಮ ಅಜ್ಜಿಯ ಅಜ್ಜಿಯ ಹೆಸರು ಮರೆತರು. ಆರ್ಫಾ ನೆನಪಿಸಿದ್ದಕ್ಕೆ, "ನೀನು ಬಾಯಿ ಮುಚ್ಚು, ಮಾರ್ಲಿಸ್!" ಎಂದು ಕಿರುಚಿದರು.

ಮಾರ್ಲಿಸ್! ಸಭೆಯ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದು ನೀನು ಬರೆದುಕೊಟ್ಟೆಯಲ್ಲ, ಅಂದಿನಿಂದ ನಾಲ್ಕು ವರ್ಷ ಅವರ ಬಾಯಲ್ಲಿ ಬಾರದ ಹೆಸರು. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಹೊಳೆಯಿತು, ಇವರ ಸಕ್ಕರೆ ಇಳಿದಿದೆ. ನಮ್ಮ ಡ್ರೈವರ್ ಎಮಿಲ್ ಕಾಲಾಡಿಸಲೆಂದು ನಮ್ಮ ಹಿಂದೆಯೇ ಬಂದಿದ್ದ. ಅವನತ್ತ ತಿರುಗಿ, "ಬೆಳಿಗ್ಗೆ ಏನು ತಿಂದರು ಇವರು?" ಎಂದು ಕೇಳಿದೆ.

"ಯಾವಾಗ? ನನ್ನ ಜೊತೇಲಿ ಅವರು ತಿನ್ನಲೇ ಇಲ್ಲವಲ್ಲಮ್ಮ" ಅಂದ.

ನಾನು ಓಡಿದೆ. ಅಷ್ಟರಲ್ಲಿ ಅಪ್ಪ ಕಲ್ಲುಗಳ ನಡುವೆ ಕೂತುಬಿಟ್ಟಿದ್ದರು. ಮುಖ ಬಿಳುಪೇರಿತ್ತು. "ಉಪವಾಸ ಮಾಡ್ತಿದ್ದೀರಾ?" ಎಂದೆ. ಹೌದೆಂದು ತಲೆ ಆಡಿಸಿದರು. "ಯಾರಿಗೋಸ್ಕರ?" ಎಂದು ಕೇಳುವಾಗಲೇ ನನಗೆ ಗೊತ್ತಾಗಿತ್ತು. ನಿನಗೋಸ್ಕರ, ಮಗಳೇ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ ಎಂದು ಎಷ್ಟು ಜನ ಬಿಷಪ್ಪರು ಇವರಿಗೆ ಹೇಳಿದ್ದಾರೆ. ಹಟಮಾರಿಗೆ ಯಾರು ಹೇಳಿ ಏನು ಪ್ರಯೋಜನ?

ಸುತ್ತ ಅಷ್ಟು ಜನ, ಒಬ್ಬರ ಹತ್ತಿರವೂ ಒಂದು ಚೂರು ಸಿಹಿ ಇಲ್ಲ! ಇಬ್ಬರು ಬಸ್ಸಿನ ಕಡೆ ಓಡಿದರು, ಆದರೆ ಹೋಗಿ ಬರುವಷ್ಟು ಹೊತ್ತು ನಮಗಿರಲಿಲ್ಲ. ಆರ್ಫಾ ಅಳುತ್ತ, "ಯಾವತ್ತೂ ನಿನ್ನ ಗಂಡನ ಮಾತು ಕೇಳ್ದೋಳಲ್ಲ ನಾನು. ಇವತ್ತೊಂದು ದಿನ ಕೇಳಿ ಚಾಕೊಲೇಟು ಬುಟ್ಟಿಗೆ ಹಾಕ್ದೆ ನೋಡು" ಅಂದಳು. ನಮ್ಮ ಜೊತೆ ಬಂದಿದ್ದ ಬಿಷಪ್ ಲೀವಿಟ್ ಕೀಲಿಗೊಂಚಲಿಗೆ ಸಿಕ್ಕಿಸಿದ್ದ ಪುಟ್ಟ ಸೀಸೆಯಿಂದ ಪವಿತ್ರ ಎಣ್ಣೆ ಅಪ್ಪನ ನೆತ್ತಿಗೆ ಹಾಕಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದರು. ಆಗ ಎಮಿಲ್ ಹೆಗಲಿನ ಫ್ಲಾಸ್ಕು ಇಳಿಸಿ ಮೆಲ್ಲಗೆ, "ಅಮ್ಮ, ಇದು ಕಾಫಿ. ನಿಮ್ಮ ಸಭೆಯೋರು ಕುಡಿಯೋ ಹಂಗಿಲ್ಲ ಅಂತ ಗೊತ್ತು. ಆದ್ರೆ ಸಕ್ಕರೆ ಪಾಕದ ಹಂಗೆ ಹಾಕಿದೀನಿ" ಅಂದ.

ಹುಟ್ಟಿದಾಗಿನಿಂದ ಕಾಫಿ ಲೋಟ ಮುಟ್ಟದ ನಿನ್ನ ತಾಯಿ, ಬಿಷಪ್ಪರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿರುವಾಗ, ಅವರ ಮೊಣಕೈ ಕೆಳಗಿಂದ ಅಪ್ಪನ ಬಾಯಿಗೆ ಕಾಫಿ ಹಿಡಿದಳು. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಬಿಷಪ್ಪರು ಕಣ್ಣು ಬಿಟ್ಟು ನೋಡಿ, "ಕುಡೀರಿ ಬ್ರದರ್, ದೇವರು ಇದಕ್ಕೆಲ್ಲ ಲೆಕ್ಕ ಇಡಲ್ಲ" ಎಂದರು. ಅಪ್ಪ ಹಲ್ಲು ಕಚ್ಚಿದರು. "ಹೊತ್ತು ಮುಳುಗಲಿ. ದೇವರಿಗೆ ಮಾತು ಕೊಟ್ಟಿದೀನಿ" ಅಂದರು. ನಾಲಿಗೆ ತೊದಲುತ್ತಿತ್ತು. ಕಣ್ಣು ಮೇಲಕ್ಕೆ ಹೋಗತೊಡಗಿತು. ಪ್ರಜ್ಞೆ ಪೂರ್ತಿ ತಪ್ಪಿದರೆ ಆಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ ಎಂದು ನನಗೆ ಗೊತ್ತಿತ್ತು.

ಆಗ ಹೇಳಿದೆ. ಅವರ ಕಿವಿಗೆ ಬಾಯಿಟ್ಟು, ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಮಾರ್ಲಿಸ್ ಫೋನ್ ಮಾಡಿದ್ಲು. ಬರ್ತಿದಾಳೆ. ಸಾಲ್ಟ್ ಲೇಕಿಗೆ ಬಂದು ನಿಮ್ಮನ್ನ ಕಾಯ್ತಾಳಂತೆ. ಸಭೆಗೆ ವಾಪಸ್ ಸೇರ್ತಾಳಂತೆ. ನಿಮ್ಮ ಉಪವಾಸ ಫಲಿಸಿತು, ಇನ್ನು ಕುಡೀರಿ."

ಅಪ್ಪ ಬಾಯಿ ತೆರೆದರು. ಇಡೀ ಲೋಟ ಕುಡಿದರು.

ಆ ರಾತ್ರಿ ಅವರನ್ನು ಇಲ್ಲಿಯ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಡಾಕ್ಟರು ನಮ್ಮಿಬ್ಬರಿಗೂ ಸೇರಿಸಿ ಬೈದರು. ಅಪ್ಪನಿಗೋಸ್ಕರ ಬಸ್ಸು ಇಲ್ಲೇ ನಿಂತಿದೆ. ನಿನ್ನೆ ಸಂಜೆ ಚರ್ಚಿನ ಅಂಗಳದಲ್ಲಿ ಎಲ್ಲರೂ ಸಾಕ್ಷಿ ಹೇಳಲು ಸೇರಿದರು. ಒಬ್ಬೊಬ್ಬರೇ ಎದ್ದು ತಮ್ಮ ನಂಬಿಕೆ ಹೇಳುವ ಹೊತ್ತಿನಲ್ಲಿ ಅಪ್ಪನೂ ಎದ್ದು ನಿಂತರು. ನಾನು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. "ನನ್ನ ಮಗಳು ಮಾರ್ಲಿಸ್ ಬರ್ತಿದಾಳೆ" ಅಂದರು. ಅಷ್ಟೇ. ಕೂತುಬಿಟ್ಟರು. ಹೆಂಗಸರೆಲ್ಲ ಅತ್ತರು. ಮಾರ್ಲಿಸ್, ಈ ಬೆಳಗ್ಗೆಯಿಂದ ಅವರೆಲ್ಲ ಸೇರಿ ನಿನಗೊಂದು ಕೌದಿ ಹೊಲಿಯುತ್ತಿದ್ದಾರೆ. ಆರ್ಫಾ ತನ್ನ ಹಳದಿ ಲಂಗವನ್ನೇ ಕತ್ತರಿಸಿ ಕೊಟ್ಟಳು. "ಹುಡುಗಿಗೆ ಹಳದಿ ಇಷ್ಟ ಅಲ್ವಾ?" ಎಂದು ನನ್ನನ್ನು ಕೇಳಿದಳು. ಹೌದು ಎಂದೆ. ನನ್ನ ಕೈಗೂ ಸೂಜಿ ಕೊಟ್ಟರು. ನಾನೂ ಕೂತು ಹೊಲಿದೆ, ಇನ್ನೇನು ಮಾಡಲಿ?

ಭಾನುವಾರ ಪ್ರಾರ್ಥನೆ ಮುಗಿಸಿ ಅಪ್ಪ ನಿನಗೆ ಫೋನ್ ಮಾಡುತ್ತಾರಂತೆ. ನಂಬರು ಕೇಳಿದರು. ಮನೆಯಲ್ಲೇ ಬಿಟ್ಟು ಬಂದೆ ಎಂದು ಇನ್ನೊಂದು ಸುಳ್ಳು ಹೇಳಿದೆ. ನಿನ್ನ ತಮ್ಮನ ಹತ್ತಿರ ಕೇಳಿ ಪಡೆಯುವವರೇ ಅವರು. ಅದಕ್ಕೆ ಇವತ್ತು ಸಂಜೆ ಊಟವಾದ ಮೇಲೆ ಅವರನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ನಿಜ ಹೇಳುತ್ತೇನೆ. ಎದೆಗೆ ಏನಾದರೂ ಆದರೆ ಎಂದು ಭಯ. ಹೇಳದೆ ಬಿಟ್ಟು, ಅವರು ಗುರುವಾರ ಆ ಜನರ ನಡುವೆ ಕೌದಿ ಹಿಡಿದು ನಿನಗಾಗಿ ಕಾಯುವುದನ್ನು ನೋಡುವ ಧೈರ್ಯ ನನಗಿಲ್ಲ.

ನೀನು ಬರಬೇಕೆಂದು ನಾನು ಕೇಳುತ್ತಿಲ್ಲ. ಸುಳ್ಳು ನನ್ನದು, ಅದನ್ನು ನಿಜ ಮಾಡಿ ತೋರಿಸುವ ಹೊರೆ ನಿನ್ನದಲ್ಲ. ಅಪ್ಪನ ಉಪವಾಸಕ್ಕೆ ನೀನು ಹೊಣೆಯೆಂದು ಯಾರಾದರೂ ಅಂದರೆ, ನಾನಾಗಲೇ ಅಂದರೂ, ಕಿವಿಗೆ ಹಾಕಿಕೊಳ್ಳಬೇಡ. ನಂಬಿಕೆಯಿಲ್ಲದೆ ನಂಬಿದಂತೆ ಕೂರಲಾರೆ ಎಂದು ನೀನು ಅವತ್ತು ಅಂದಾಗ ನನಗೆ ಸಿಟ್ಟು ಬಂದಿತ್ತು, ಈಗಲೂ ಒಂದಿಷ್ಟು ಇದೆ. ಆದರೂ ಮುಖಕ್ಕೆ ಮುಖ ಕೊಟ್ಟು ಹೇಳಿ ಹೋದೆಯಲ್ಲ, ಅದು ನನಗೆ ಹೆಮ್ಮೆ.

ಮೆಷಿನ್ನು ನಿಂತಿತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನೀನು ಕೇಳಿದರೂ ಕೇಳದಿದ್ದರೂ ನಾನು ದಿನಾ ಕೇಳಿಕೊಳ್ಳುವುದು ಅದನ್ನೇ. ನಿನ್ನ ಮನೆಯಲ್ಲಿ ನಗು ಇರಲಿ, ರಾತ್ರಿ ಒಳ್ಳೆಯ ನಿದ್ದೆ ಬರಲಿ.

ನಿನ್ನ ಅಮ್ಮ,
ಆರ್ವಿಲಾ

ಮರೆತ ಮಾತು, ಶುಕ್ರವಾರ ಬೆಳಗ್ಗೆ: ನಿಜ ಹೇಳಿದೆ. ಅವರು ಹೊಳೆಗೆ ಕಲ್ಲು ಎಸೆಯುತ್ತ ಕೇಳಿದರು. "ಆಸ್ಪತ್ರೇಲಿ ತಲೆ ತಿಳಿಯಾದಾಗಲೇ ಗೊತ್ತಾಯ್ತು. ಅವಳು ಬರೋದಾದ್ರೆ ನನಗೇ ಹೇಳ್ತಿದ್ಲು, ಹೋಗುವಾಗ ಹೇಳಿದ ಹಂಗೆ" ಅಂದರು. "ಹಾಗಾದ್ರೆ ಆ ಜನರ ಮುಂದೆ ಯಾಕೆ ಹೇಳಿದ್ರಿ?" ಎಂದೆ. ಇನ್ನೊಂದು ಕಲ್ಲು ಎಸೆದು, "ನನ್ನ ಮಗಳು ಮಾರ್ಲಿಸ್ ಅಂತ ಒಂದ್ಸಲ ಬಾಯ್ತುಂಬ ಅನ್ನಬೇಕು ಅನ್ನಿಸ್ತು" ಅಂದರು. ಬಸ್ಸಿನವರಿಗೆ ತಾವೇ ಹೇಳುತ್ತಾರಂತೆ. ಭಾನುವಾರ ಫೋನ್ ಮಾಡಿಯೇ ಮಾಡುತ್ತಾರೆ, ಬಾ ಎನ್ನುವುದಕ್ಕಲ್ಲ. ನಂಬರು ಕೊಟ್ಟಿದ್ದೇನೆ. ಅಷ್ಟರೊಳಗೆ ನಿನ್ನ ಕೈಸೇರಲೆಂದು ಈ ಕಾಗದವನ್ನು ಇವತ್ತೇ ತುರ್ತು ಅಂಚೆಗೆ ಹಾಕುತ್ತೇನೆ. ಎತ್ತಿಕೋ.

ಇನ್ನೊಂದು ಇದೆ. ಮೇಲೆ ಬರೆಯುವಾಗ ಅದನ್ನು ಬಿಟ್ಟುಬಿಟ್ಟಿದ್ದೆ, ಅಪ್ಪನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಕಲ್ಲುದಿಣ್ಣೆಯ ಮೇಲೆ ನಿನ್ನ ಹೆಸರು ಎತ್ತುವ ಮೊದಲು ನಾನು ಬೇರೆ ಮಾತು ಹೇಳಿದ್ದೆ. "ನನಗೋಸ್ಕರ ಕುಡೀರಿ, ಥೇನ್. ನನ್ನ ಒಬ್ಬಳನ್ನೇ ಬಿಟ್ಟು ಹೋಗಬೇಡಿ" ಎಂದು ಬೇಡಿಕೊಂಡೆ. ಮತ್ತೆ ಮತ್ತೆ ಬೇಡಿಕೊಂಡೆ. ಲೋಟ ತಳ್ಳಿದರು, ಮುಖ ಆಚೆ ತಿರುಗಿಸಿದರು. ಸಕ್ಕರೆ ಇಳಿದಾಗ ಯಾರು ಏನು ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನರ್ಸಮ್ಮ ಸಮಾಧಾನ ಹೇಳಿದಳು. ಇರಬಹುದು. ಆದರೆ ನಿನ್ನ ಹೆಸರು ಮಾತ್ರ ಅವರಿಗೆ ತಿಳಿಯಿತು, ಮಗಳೇ.