ಹದ್ದಿನ ಕತ್ತನ್ನು ಹೊಲಿದವರು ಯಾರು?

ಪ್ರದರ್ಶನ ವಿಭಾಗದ ಮಾನ್ಯ ನಿರ್ದೇಶಕರೇ,

ಜೂನ್ ಹದಿನಾಲ್ಕರಂದು ನೀವು ತೆರೆಯಲಿರುವ ಅಮೆರಿಕದ ಅಧ್ಯಕ್ಷರ ಬಾವುಟಗಳ ಪ್ರದರ್ಶನದಲ್ಲಿ, ಮೂರನೆಯ ಗಾಜಿನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ‘ತಯಾರಿಸಿದವರು: ತಿಳಿದುಬಂದಿಲ್ಲ’ ಎಂದು ಅಚ್ಚು ಹಾಕಿಸಿದ್ದೀರಿ. ಇದು ಸುಳ್ಳು. ಅಲ್ಲಿನ ಬಾವುಟವನ್ನು ತಯಾರಿಸಿದವರಲ್ಲಿ ಒಬ್ಬರು ನನ್ನ ಅಜ್ಜಿ, ಅಸುಂತಾ ಪೆಟ್ರಿಲ್ಲೊ. ವಯಸ್ಸು ಎಂಬತ್ತಾರು. ನಿಮ್ಮ ಕಚೇರಿಯಿಂದ ಹತ್ತು ನಿಮಿಷದ ಬಸ್ಸಿನ ದಾರಿಯಲ್ಲಿದ್ದಾರೆ. ನಾನೇ ಎರಡು ಬಾರಿ ಬರೆದು ತಿಳಿಸಿದ ಮೇಲೂ ತಿಳಿದುಬರುವುದಿಲ್ಲವೆಂದರೆ, ತಿಳಿಯುವುದಕ್ಕೆ ನಿಮ್ಮಲ್ಲಿ ಬೇರೆ ಅರ್ಜಿ ನಮೂನೆ ಇದೆಯೇ?

ನಿಮ್ಮ ಮಾಹಿತಿ ಪುಸ್ತಕವನ್ನು ನಾನು ಪೂರ್ತಿ ಓದಿದ್ದೇನೆ. ಕಾಲೇಜಿನ ಮೊದಲ ವರ್ಷದವಳು, ಪರೀಕ್ಷೆಯ ಭಯಕ್ಕೆ ಎಲ್ಲವನ್ನೂ ಪೂರ್ತಿ ಓದುವ ಅಭ್ಯಾಸ. ಅಧ್ಯಕ್ಷರ ಬಾವುಟದಲ್ಲಿ ನಾಲ್ಕೇ ನಕ್ಷತ್ರ, ಹೊಸ ದಂಡನಾಯಕರ ಹೆಗಲ ಮೇಲೆ ಮಾತ್ರ ಐದು ಎಂಬ ಮುಜುಗರ ಹುಟ್ಟಿದಾಗ ಯಾರು ಯಾರಿಗೆ ಪತ್ರ ಬರೆದರು ಎಂಬುದು ಅಲ್ಲಿದೆ. ಬಾವುಟದ ನಡುವಿನ ಹದ್ದಿನ ಮುಖವನ್ನು ಬಾಣಗಳ ಕಡೆಯಿಂದ ಆಲಿವ್ ಕೊಂಬೆಯ ಕಡೆಗೆ ತಿರುಗಿಸಲು ಒಪ್ಪಿಗೆ ಕೊಟ್ಟವರು, ಹದ್ದಿನ ಸುತ್ತ ರಾಜ್ಯಕ್ಕೊಂದರಂತೆ ಇದ್ದ ನಲವತ್ತೆಂಟು ನಕ್ಷತ್ರಗಳ ವೃತ್ತವನ್ನು ನಲವತ್ತೊಂಬತ್ತು, ಮರುವರ್ಷವೇ ಐವತ್ತು ಮಾಡಿದ ಆದೇಶಗಳು, ಎಲ್ಲಕ್ಕೂ ತಾರೀಖಿದೆ. ಗಾಜಿನ ಪೆಟ್ಟಿಗೆ ದಾನ ಕೊಟ್ಟವರ ಹೆಸರಂತೂ ಎರಡು ಕಡೆ ಇದೆ. ಹದ್ದಿಗೆ ಕತ್ತು ತಿರುಗಿಸಲು ಅಪ್ಪಣೆ ಸಾಕಿತ್ತೇ? ಸೂಜಿ ಬೇಕಾಗಲಿಲ್ಲವೇ?

ನಮ್ಮ ತಂದೆ ಇಂಗ್ಲೆಂಡಿನವರು. ಅವರ ದೇಶದಲ್ಲಿ ಅರಮನೆಯ ಮೇಲೆ ರಾಜಧ್ವಜ ಹಾರಿದರೆ ದೊರೆ ಒಳಗಿದ್ದಾರೆಂದು ಅರ್ಥ. ಏಳನೆಯ ವಯಸ್ಸಿಗೆ ನನ್ನನ್ನು ಹಾಸ್ಟೆಲಿಗೆ ಸೇರಿಸುವ ಮುನ್ನ ಅಪ್ಪ ಇದನ್ನು ಹೆಮ್ಮೆಯಿಂದ ಹೇಳಿದ್ದರು. ಅಜ್ಜಿ ಹುಬ್ಬೇರಿಸಿ, “ಒಳಗೆ ದೊರೆ ಇದಾನೆ ಸರಿ ಅಳಿಯಂದಿರೇ, ಬಾವುಟ ಒಗೆಯೋಳು ಎಲ್ಲಿದಾಳೆ?” ಎಂದರಂತೆ.

ಈಗ ನಿಮ್ಮ ಉತ್ತರಕ್ಕೆ ಬರುತ್ತೇನೆ. ಹಾಜರಿ ಪುಸ್ತಕಗಳನ್ನು ನಿಯಮದ ಪ್ರಕಾರ ವಿಲೇವಾರಿ ಮಾಡಲಾಗಿದೆ, ಆದ್ದರಿಂದ ಅರ್ಜಿದಾರರು ತಮ್ಮ ಹೊಲಿಗೆಯನ್ನು ಗುರುತಿಸಬಹುದಾದ ಪುರಾವೆ ಒದಗಿಸಬೇಕು ಎಂದು ಬರೆದಿರಿ. ಮಾನ್ಯರೇ, ಈ ಬಾವುಟ ತಯಾರಾದ ಫಿಲಡೆಲ್ಫಿಯಾದ ಕಸೂತಿ ಕೋಣೆಯಲ್ಲಿ ಕೆಲಸ ಹೇಗೆ ನಡೆಯುತ್ತಿತ್ತೆಂದು ಯಾರನ್ನಾದರೂ ಕೇಳಿದ್ದೀರಾ? ಒಂದೇ ಚೌಕಟ್ಟಿನ ಸುತ್ತ ನಾಲ್ವರು ಹೆಂಗಸರು. ಗಂಟೆಗೊಮ್ಮೆ ಗಂಟೆ ಬಾರಿಸಿದರೆ ಎಲ್ಲರೂ ಎದ್ದು ಪಕ್ಕದ ಕುರ್ಚಿಗೆ ಸರಿಯಬೇಕು. ಒಬ್ಬಳು ಶುರು ಮಾಡಿದ ಗರಿಯನ್ನು ಇನ್ನೊಬ್ಬಳು ಮುಗಿಸಬೇಕು. ಸಂಜೆ ಮೇಲ್ವಿಚಾರಕಿ ಭೂತಗನ್ನಡಿ ಹಿಡಿದು ಬರುತ್ತಿದ್ದರು. ಇಲ್ಲಿ ಕೈ ಬದಲಾಗಿದೆ ಎಂದು ಕಂಡರೆ ಅಷ್ಟೂ ಬಿಚ್ಚಬೇಕು. ಯಾರ ಕೈಯೆಂದು ಗೊತ್ತಾಗಬಾರದು, ಅದೇ ಆ ಕೆಲಸದ ಪರೀಕ್ಷೆ. ನನ್ನ ಅಜ್ಜಿ ಮೂವತ್ತೊಂದು ವರ್ಷ ಆ ಪರೀಕ್ಷೆ ಪಾಸಾದರು. ಪಾಸಾದದ್ದಕ್ಕೇ ಈಗ ನೀವು ಅವರನ್ನು ಫೇಲು ಮಾಡಿದ್ದೀರಿ.

ಆದರೂ ಪ್ರಯತ್ನಿಸಿದೆವು. ನೀವು ಕಳುಹಿಸಿದ ಬಾವುಟದ ದೊಡ್ಡ ಛಾಯಾಚಿತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಅಜ್ಜಿಯ ಕೈಗೆ ಭೂತಗನ್ನಡಿ ಕೊಟ್ಟೆ. ಎಡರೆಕ್ಕೆಯ ಮೇಲೆ ಬೆರಳಿಟ್ಟವರೇ ನಕ್ಕರು.

“ಇದು ವಾಂಡಾ ಕೈ ಕಣೇ. ಗಂಡನ ಮೇಲಿನ ಸಿಟ್ಟೆಲ್ಲ ದಾರದ ಮೇಲೆ ತೀರಿಸ್ಕೊಳ್ತಿದ್ಲು, ನೋಡು ಹೆಂಗೆ ಬಿಗಿದಿದಾಳೆ. ಇಲ್ಲಿಂದ ಎರ್ನೆಸ್ಟೀನು. ಗಂಟೆ ಹೊಡೆದ್ರೂ ಏಳ್ತಿರ್ಲಿಲ್ಲ ಮಹಾತಾಯಿ, ಇನ್ನೊಂದೇ ಹೊಲಿಗೆ ಅಂತ ಹತ್ತು ಹಾಕೋಳು.”

ಆಲಿವ್ ಎಲೆಗಳು ಲೂಸ್ ಅವರದಂತೆ. ಮೇಲ್ವಿಚಾರಕಿಗೆ ಕಾಣದ್ದು ಅಜ್ಜಿಗೆ ಕಾಣುತ್ತಿತ್ತು. ಎಲ್ಲೆಲ್ಲಿ ಕೈ ಬದಲಾಗಿದೆಯೆಂದು ನಾನು ಸೀಸದಕಡ್ಡಿಯಿಂದ ಗೆರೆ ಎಳೆಯುತ್ತಾ ಹೋದೆ. ಹದ್ದಿನ ಕತ್ತಿಗೆ ಬಂದಾಗ ಅಜ್ಜಿ ನಿಂತರು. ಬೆಳಕಿಗೆ ಹಿಡಿದರು, ತಿರುಗಿಸಿದರು, ಕನ್ನಡಿ ಒರೆಸಿ ಮತ್ತೆ ನೋಡಿದರು. ಆ ಮೂವರ ಹೊಲಿಗೆಯಂತೂ ಅಲ್ಲ ಎಂದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು:

“ಯಾರ್ದು ಅಂತ ಗೊತ್ತಾಗ್ತಿಲ್ಲ ಪುಟ್ಟಿ. ಹಂಗಾದ್ರೆ ಇದು ನಂದೇ ಇರ್ಬೇಕು.”

ಮೂವತ್ತೊಂದು ವರ್ಷ ತನ್ನ ಗುರುತನ್ನು ಅಳಿಸುತ್ತಾ ಕುಳಿತವರಿಗೆ ತನ್ನ ಕೈಯೇ ಗುರುತು ಸಿಗಲಿಲ್ಲ. ಇದನ್ನು ಬೆವರುತ್ತಾ, ನಾಲ್ಕು ಸಲ ತಿದ್ದಿ ನಿಮಗೆ ಕಳುಹಿಸಿದೆ. ಹನ್ನೆರಡು ದಿನಗಳ ನಂತರ ಉತ್ತರ ಬಂತು. ‘ಮೃತರಾದ ಉಳಿದ ಮೂವರ ವಿಷಯದಲ್ಲಿ ಪೂರಕ ದಾಖಲೆ ಇಲ್ಲ. ತಮ್ಮ ಕೆಲಸವನ್ನು ಅರ್ಜಿದಾರರೇ ಗುರುತಿಸಲಾರರು.’ ಕೆಳಗೆ ನಿಮ್ಮ ಸಹಿ. ಅದೂ ಯಂತ್ರದ ಮೊಹರು. ಆ ಸಹಿ ನಿಮ್ಮದೇ ಎಂಬುದಕ್ಕೆ ಪುರಾವೆ ಕೇಳಬೇಕೆನಿಸಿತು, ಧೈರ್ಯ ಸಾಲಲಿಲ್ಲ. ಫೋನ್ ಮಾಡಿದರೆ ನಿಮ್ಮ ಸಹಾಯಕರು, ಅಷ್ಟೊಂದು ಆಸೆಯಿದ್ದರೆ ‘ಸ್ಥಳೀಯ ಮಹಿಳೆಯರು’ ಎಂದು ಹಾಕಿಸೋಣ ಎಂದರು. ಅಜ್ಜಿಗೆ ತಿಳಿಸಿದೆ. ಬೇಡ, ನನ್ನೊಬ್ಬಳ ಹೆಸರು ಹಾಕುತ್ತೇವೆಂದರೂ ಬೇಡ, ಆ ಮೂವರದನ್ನು ಹೇಳುವುದಕ್ಕೆ ಉಳಿದಿರುವವಳು ನಾನೊಬ್ಬಳೇ ಎಂದರು.

ನನ್ನ ಬೇಡಿಕೆ ಇಷ್ಟೇ. ಆ ಚೀಟಿಯಲ್ಲಿ ನಾಲ್ಕು ಹೆಸರು ಬರೆಯಿರಿ: ವಾಂಡಾ ಸೊಬ್‌ಚಾಕ್, ಎರ್ನೆಸ್ಟೀನ್ ಪಗ್, ಲೂಸ್ ಮಾಲ್ಡೊನಾಡೊ, ಅಸುಂತಾ ಪೆಟ್ರಿಲ್ಲೊ. ಅದಾಗದಿದ್ದರೆ ‘ತಿಳಿದುಬಂದಿಲ್ಲ’ ಎಂಬುದನ್ನು ತೆಗೆದು ನಿಜ ಬರೆಯಿರಿ: ‘ಕೇಳಿದೆವು, ಹೇಳಿದರು, ಬರೆಯಲಿಲ್ಲ.’ ಹದಿನಾಲ್ಕರಂದು ಅಜ್ಜಿ ಬರುತ್ತಾರೆ, ಕೂದಲಿಗೆ ಬಣ್ಣವನ್ನೂ ಹಾಕಿಸಿಕೊಂಡಾಗಿದೆ. ಗಾಜಿನಾಚೆಯ ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನು. ಏನೆಂದು ಓದಲಿ?

ಇಂತಿ,
ನಿಮ್ಮ ಕಡತದಲ್ಲಿ ‘ಅರ್ಜಿದಾರರ ಸಂಬಂಧಿ’ ಎಂದಷ್ಟೇ ಇರುವ,
ಇಮೋಜೆನ್ ಹಾರ್ಡ್‌ವಿಕ್
(ಹೆಸರು ಹಾಕಿದರೆ ಕಾಲೇಜಿನಲ್ಲಿ ತೊಂದರೆಯಾದೀತೆಂದು ಗೆಳತಿಯರು ಹೇಳಿದರು. ಹಾಕಿದ್ದೇನೆ.)