ಫೋನ್ ಎತ್ತಿದವರು

ಹಿರೇಕೊಟ್ನೆಕಲ್
೨೩ ಫೆಬ್ರವರಿ ೨೦೨೫

ಸಮತಾಳ ಅಪ್ಪ ಆನಂದ ಅವರಿಗೆ ಕಲ್ಯಾಣಿಯ ನಮಸ್ಕಾರಗಳು.

ನಾನೂ ಸಮತಾಳೂ ಕ್ಷೇಮ. ನೀವು ಕ್ಷೇಮವಾಗಿಲ್ಲ ಎಂಬುದು ನಿನ್ನೆ ಮಾವ ಬಂದು ಹೇಳಿದ ಮೇಲೆ ತಿಳಿಯಿತು. ಈ ವಯಸ್ಸಿನಲ್ಲಿ ಅವರನ್ನು ದೇವದುರ್ಗದಿಂದ ಎರಡು ಬಸ್ಸು ಹತ್ತಿಸಿ ಕಳಿಸಬಾರದಿತ್ತು. ಪಾಪ, ನನ್ನ ಮುಖ ನೋಡದೆ ಅಂಗಳದ ಕಡೆ ನೋಡುತ್ತಲೇ ಮಾತಾಡಿದರು: "ಯವ್ವಾ, ಆ ವಿಡಿಯೋ ಬಂದಾಗಿಂದ ಆನಂದ ಕಾಲೇಜಿನ್ಯಾಗ ತಲಿ ಎತ್ತಿ ಅಡ್ಡಾಡದಂಗ ಆಗ್ಯದ. ನಾ ಆಡಿದ್ದು ತಪ್ಪಾತು ಅಂತ ಒಂದು ಮಾತು ಬರದು ಕೊಡು. ಅವನೇ ಬಂದು ಕರ್ಕೊಂಡು ಹೋಗ್ತಾನ."

ಅವರಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ ಬಸ್ಸು ಹತ್ತಿಸಿ ಬಂದೆ. ಆಗುವುದಿಲ್ಲ ಎಂದು ಆ ಮುದಿಜೀವಕ್ಕೆ ಹೇಳಲು ನಾಲಿಗೆ ಏಳಲಿಲ್ಲ. ಅದನ್ನು ನಿಮಗೆ ಹೇಳುತ್ತೇನೆ. ನಾನು ಬರೆದುಕೊಡುವುದಿಲ್ಲ. ನಾನು ಆಡಿದ್ದು ತಪ್ಪಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ.

ನಿಮ್ಮ ಸಹೋದ್ಯೋಗಿಗಳು ನೋಡಿರುವುದು ಯಾರೋ ಕತ್ತರಿಸಿ ಹಾಕಿದ ಒಂದು ತುಣುಕು. ಅದಕ್ಕೆ ಮೊದಲಿನದು ನಿಮಗೆ ಗೊತ್ತು, ಆದರೂ ನನ್ನ ಬಾಯಿಂದ ಒಮ್ಮೆ ಕೇಳಿ.

ಸಮತಾ ಹುಟ್ಟಿದ ಮರುದಿನ ರಾಯಚೂರಿನ ಆಸ್ಪತ್ರೆಯಲ್ಲಿ ಅವಳ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟು ಪರೀಕ್ಷೆ ಮಾಡಿದರು. ಸರಿಯಾಗಿ ಬರಲಿಲ್ಲ, ಎಷ್ಟೋ ಕೂಸುಗಳಿಗೆ ಮೊದಲ ಸಲ ಹೀಗಾಗುತ್ತದೆ, ಹೆದರಬೇಡಿ, ಆದರೆ ಎರಡನೇ ಪರೀಕ್ಷೆಗೆ ತಪ್ಪದೆ ಬನ್ನಿ, ದಿನ ಫೋನ್ ಮಾಡಿ ತಿಳಿಸುತ್ತೇವೆ ಎಂದರು. ನೀವು ನಿಮ್ಮ ನಂಬರ್ ಕೊಟ್ಟಿರಿ. ನಾನು ಬಾಣಂತಿ. ಆಮೇಲೆ ಕೇಳಿದಾಗಲೆಲ್ಲ "ನಾ ಮಾತಾಡೀನಿ, ಏನೂ ಇಲ್ಲಂತ" ಎಂದಿರಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು, ಶಬ್ದ ಹೇಗೆ ಹರಿಯುತ್ತದೆ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುವವರು. ನಾನು ನಂಬಿದೆ.

ಅವಳಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈಯಿಂದ ತಾಟುಗಳ ಅಟ್ಟಿಯೇ ಬಿತ್ತು. ಅತ್ತೆ ಬೆಚ್ಚಿ ಎದ್ದು ಬಂದರು. ನನಗೆ ಬೆನ್ನು ಮಾಡಿ ಕೂತಿದ್ದ ಸಮತಾ ತನ್ನ ಪಾಡಿಗೆ ಸೇಂಗಾ ಸುಲಿಯುತ್ತಿದ್ದಳು. "ಆನಂದನೂ ತಡಾ ಮಾಡೇ ಮಾತಾಡ್ಯಾನ, ಬಿಡು" ಎಂದರು ಅತ್ತೆ. ಬಿಡಲಿಲ್ಲ ನಾನು. ನಿಮಗೆ ತವರಿಗೆ ಹೋಗುತ್ತೇನೆಂದು ಹೇಳಿ, ಅವಳನ್ನು ಎತ್ತಿಕೊಂಡು ನೇರ ರಾಯಚೂರಿಗೆ ಹೋದೆ.

ಅಲ್ಲಿ ಕಿವಿ ಪರೀಕ್ಷೆ ಮಾಡುವ ನಾಹಿದ್ ಮೇಡಂ ಎಲ್ಲ ಮುಗಿಸಿ, ನನ್ನ ಪಕ್ಕ ಬಂದು ಕೂತರು. ಎರಡೂ ಕಿವಿಗೆ ಕೇಳುವುದು ಬಹಳ ಕಡಿಮೆ, ಯಂತ್ರ ಹಾಕಿದರೆ ಅನುಕೂಲ ಆಗುತ್ತದೆ, ಆರು ತಿಂಗಳೊಳಗೆ ಬಂದಿದ್ದರೆ ಇನ್ನೂ ಹೆಚ್ಚು ಆಗುತ್ತಿತ್ತು ಎಂದರು. ನೀವು ನಮಗೆ ಹೇಳಲೇ ಇಲ್ಲವಲ್ಲ ಎಂದು ನಾನು ಸಿಟ್ಟಿನಿಂದ ಅಂದೆ. ಅವರು ತಡೆದು ತಡೆದು ಹೇಳಿದರು: "ನಾನೇ ಫೋನ್ ಮಾಡೀನ್ರೀ, ಒಂದಲ್ಲ ನಾಕು ಸಲ. ಕೂಸಿನ ಅಪ್ಪ ಎತ್ತಿದ್ರು. ಹೈದ್ರಾಬಾದಿನ್ಯಾಗ ತೋರ್ಸೀವಿ, ಎಲ್ಲಾ ಚಲೋ ಅದ ಅಂದ್ರು."

ನಾವು ಹೈದರಾಬಾದಿಗೆ ಹೋಗಿಯೇ ಇಲ್ಲ.

ಅಂದು ಸಂಜೆ ಮನೆಗೆ ಮರಳಿ ನಾನು ಕೇಳಿದಾಗ ನೀವು ಸುಳ್ಳು ಹೇಳಲಿಲ್ಲ. ಅಷ್ಟನ್ನು ಒಪ್ಪುತ್ತೇನೆ. "ಹೆಣ್ಣ ಕೂಸು. ಒಮ್ಮೆ ಆಸ್ಪತ್ರ್ಯಾಗ ಹೆಸರು ಹಚ್ಚಿದ್ರ ಊರೆಲ್ಲಾ ಕಿವುಡಿ ಅಂತಾರ. ತಾನೇ ಸರಿ ಹೋಗ್ತದ ಅಂದ್ಕೊಂಡೆ" ಎಂದಿರಿ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಿರಿ. ನಾನು ಮರುದಿನ ಅವಳನ್ನು ಕರೆದುಕೊಂಡು ಅಪ್ಪನ ಮನೆಗೆ ಬಂದೆ. ನೀವು ಅತ್ತದ್ದನ್ನು ನಾನು ಯಾರ ಮುಂದೆಯೂ ಹೇಳಿಲ್ಲ, ಸಮ್ಮೇಳನದಲ್ಲಂತೂ ಇಲ್ಲವೇ ಇಲ್ಲ. ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಇನ್ನು ಆ ಸಮ್ಮೇಳನ. ನವಜಾತ ಶಿಶುಗಳ ಕಿವಿ ಪರೀಕ್ಷೆ ಬಗ್ಗೆ ರಾಯಚೂರಿನಲ್ಲಿ ಡಾಕ್ಟರುಗಳ ಸಮ್ಮೇಳನ ಇದೆ, ನೀವು ಬಂದು ಮಾತಾಡಬೇಕು ಎಂದು ನಾಹಿದ್ ಮೇಡಂ ಕೇಳಿದಾಗ ನಾನು ನಕ್ಕೆ. ಹಳ್ಳಿಯ ಅತಿಥಿ ಶಿಕ್ಷಕಿಗೆ ಅಲ್ಲೇನು ಕೆಲಸ? ಅವರು ನಗಲಿಲ್ಲ. "ಪ್ರತಿ ಸಮ್ಮೇಳನದಾಗ ಇಷ್ಟು ಕೂಸುಗಳಿಗೆ ಪರೀಕ್ಷೆ ಮಾಡೀವಿ ಅಂತ ಹೇಳಿ ಚಪ್ಪಾಳಿ ತಗೊಂಡು ಬರ್ತೀವಿ. ಎರಡನೇ ಪರೀಕ್ಷೆಗೆ ಬರದೇ ಹೋದ ಕೂಸು ಎಲ್ಲಿ ಹೋತು ಅಂತ ಯಾರೂ ಕೇಳೂದಿಲ್ಲ. ಈ ಸಲ ಬರದೇ ಇದ್ದವ್ರನ್ನೇ ಕರಿಸೀನಿ" ಎಂದರು. ಹೋಗಕೂಡದು, ಹೋದರೆ ನನ್ನ ಮನೆಗೆ ಬರಬೇಡ ಎಂದು ನೀವು ಫೋನಿನಲ್ಲಿ ಹೇಳಿದಿರಿ. ನಾನು ಇಳಕಲ್ ಸೀರೆ ಉಟ್ಟು ಹೋದೆ.

ಬೆಂಗಳೂರಿನಿಂದ ಬಂದ ದೊಡ್ಡ ಡಾಕ್ಟರೊಬ್ಬರು ಪರದೆಯ ಮೇಲೆ ಬರಹ ತೋರಿಸುತ್ತಿದ್ದರು. ತಂದೆತಾಯಿ ಮಗುವನ್ನು ಮರಳಿ ತರದಿರಲು ಕಾರಣಗಳು: ಅನಕ್ಷರತೆ, ಬಡತನ, ಮೂಢನಂಬಿಕೆ. ಅದನ್ನು ಓದುತ್ತಿದ್ದಂತೆ, ಬರೆದುಕೊಂಡು ಹೋಗಿದ್ದ ಭಾಷಣ ನನಗೆ ಬೇಡವೆನಿಸಿತು. ನನ್ನ ಸರದಿ ಬಂದಾಗ ಬರೀ ಕೈಯಲ್ಲಿ ಎದ್ದು ನಿಂತೆ. "ಓದಿಲ್ಲದವರು ಬರೂದಿಲ್ಲ ಅಂತ ಬರೀಬ್ಯಾಡ್ರಿ. ನಮ್ಮ ಮನ್ಯಾಗ ಫೋನ್ ಎತ್ತಿದವರು ಎಂಎಸ್ಸಿ ಓದ್ಯಾರ" ಎಂದೆ. ನಿಮ್ಮ ಕಾಲೇಜಿನವರು ನೋಡಿ ನಕ್ಕ ತುಣುಕು ಇಷ್ಟೇ. ನಿಮ್ಮ ಹೆಸರು ಹೇಳಲಿಲ್ಲ. ಆದರೆ ನನ್ನ ಮುಖ ಮುಚ್ಚಿಕೊಂಡು ಮಾತಾಡಲು ನನಗೆ ಬರುವುದಿಲ್ಲ.

ಅವರು ಕತ್ತರಿಸಿ ಬಿಟ್ಟದ್ದು ಮುಂದಿನದು. ಹೆತ್ತವಳು ನಾನು, ಎತ್ತಿ ಆಡಿಸುವವಳು ನಾನು, ನನ್ನ ನಂಬರ್ ಯಾಕೆ ಕೇಳಲಿಲ್ಲ ಎಂದೆ. ಎರಡನೇ ಪರೀಕ್ಷೆ ರಾಯಚೂರಿನಲ್ಲೇ ಯಾಕೆ, ಒಂದು ದಿನದ ಕೂಲಿ ಬಿಟ್ಟು ಹಸಿಕೂಸು ಎತ್ತಿಕೊಂಡು ಬರುವವಳಿಗೆ ಮಾನ್ವಿಯಲ್ಲಿ, ದೇವದುರ್ಗದಲ್ಲಿ ಯಾಕೆ ಇಲ್ಲ ಎಂದೆ. ಫೋನಿನಲ್ಲಿ ಒಬ್ಬ ಗಂಡಸು "ಎಲ್ಲಾ ಚಲೋ ಅದ" ಎಂದರೆ ಅಷ್ಟಕ್ಕೇ ನಂಬಿ ಕೈಬಿಡುವುದು ಯಾವ ವೈದ್ಯಕೀಯ ಎಂದೂ ಕೇಳಿದೆ. ನಾಹಿದ್ ಮೇಡಂ ಮುಖ ಸಣ್ಣದಾಯಿತು, ಆದರೂ ತಲೆ ಆಡಿಸಿದರು. ಅಧ್ಯಕ್ಷತೆ ವಹಿಸಿದ್ದವರು ಗಡಿಯಾರ ತೋರಿಸಿ ಸಮಯ ಮುಗಿಯಿತು ತಾಯಿ ಎಂದರು. "ನಮ್ಮ ಸಮಯ ಹೋಗೇ ಬಿಟ್ಟದ್ರೀ ಸರ್. ನಿಮಗ ಊಟಕ್ಕ ಇನ್ನಾ ವ್ಯಾಳ್ಯಾ ಅದ, ಕುಂತು ಕೇಳ್ರಿ" ಎಂದೆ. ಕೂತು ಕೇಳಿದರು. ನನ್ನ ಹಿಂದೆ ಚಂದ್ರಬಂಡದ ಒಬ್ಬ ಹೆಣ್ಣುಮಗಳು ಎದ್ದಳು, ತಾನು ಎರಡು ಸಲ ಬಂದರೂ ಯಂತ್ರ ಕೆಟ್ಟಿದೆ ಎಂದು ಕಳಿಸಿದರು ಎಂದಳು. ಆಮೇಲೆ ಆಶಾ ಕಾರ್ಯಕರ್ತೆಯರೂ ಎದ್ದರು. ಊಟ ತಣ್ಣಗಾಯಿತು.

ಸಂಜೆಯೊಳಗೆ ಅವರು ಮೂರು ಮಾತು ಒಪ್ಪಿ ಸಹಿ ಮಾಡಿದರು. ತಾಯಿಯ ನಂಬರ್ ಮೊದಲು ಬರೆಯಬೇಕು. ಫೋನಿನಲ್ಲಿ ಯಾರು ಏನೇ ಹೇಳಿದರೂ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕೂಸನ್ನು ಕಣ್ಣಾರೆ ಕಾಣಬೇಕು. ಎರಡನೇ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ಸಹಿ ಮಾಡಿದ್ದೆಲ್ಲ ನಡೆಯುತ್ತದೆಂದು ನಂಬುವಷ್ಟು ದಡ್ಡಿ ಅಲ್ಲ ನಾನು. ಆದರೆ ಮಾನ್ವಿಯಲ್ಲಿ ಶುರುವಾಗಿದೆ, ಹೋಗಿ ನೋಡಿಬಂದೆ. ದೇವದುರ್ಗದಲ್ಲೂ ಆಗಿದೆಯಂತೆ. ಮುಂದಿನ ವರ್ಷದ ಸಮ್ಮೇಳನಕ್ಕೂ ನನ್ನನ್ನು ಕರೆದಿದ್ದಾರೆ. ಆಡಿದ ಮಾತು ಎಷ್ಟು ನಡೆಯಿತೆಂದು ಕೇಳಲಿಕ್ಕೆ ಹೋಗುತ್ತೇನೆ. ಅದಕ್ಕೂ ನಿಮ್ಮ ಅಪ್ಪಣೆ ಕೇಳುವುದಿಲ್ಲ.

ಸಮತಾಳ ಕಿವಿಯಂತ್ರ ಕೆಂಪು ಬಣ್ಣದ್ದು, ಅವಳೇ ಆರಿಸಿದ್ದು. ಕೂದಲು ಇಳಿಬಿಟ್ಟು ಮುಚ್ಚು ಎಂದು ಇಲ್ಲಿಯೂ ಹೇಳುವವರಿದ್ದಾರೆ. ನಾನು ಎರಡು ಜಡೆ ಹಾಕಿ ಮೇಲೆ ಕಟ್ಟುತ್ತೇನೆ, ಎಲ್ಲರಿಗೂ ಕಾಣಲಿ. ಮೊನ್ನೆ ಓಣಿಯ ಹುಡುಗರು ಕಿವುಡಿ ಅಂದರು. ನಾನು ಹೊರಗೆ ಬಂದು, ಹೌದು, ಅವಳಿಗೆ ಕಿವಿ ಕೇಳುವುದಿಲ್ಲ, ಹೆಸರು ಸಮತಾ, ಮುಖಕ್ಕೆ ಮುಖ ಕೊಟ್ಟು ಮಾತಾಡಿಸಿ ಎಂದೆ. ಈಗ ಅವರೇ ಆಟಕ್ಕೆ ಕರೆಯಲು ಬರುತ್ತಾರೆ. ಎರಡು ವರ್ಷ ನೀವು ಹೆದರಿದ್ದು ಇಷ್ಟಕ್ಕೆ.

ನನ್ನನ್ನು ಕರೆದೊಯ್ಯಲು ಬರಬೇಡಿ. ಅವಳಿಗಾಗಿ ಬರುವುದಾದರೆ ಗುರುವಾರ ರಾಯಚೂರಿಗೆ ಬನ್ನಿ. ಅಂದು ಅವಳಿಗೆ ಮಾತನ್ನೂ ಕೈಸನ್ನೆಯನ್ನೂ ಕಲಿಸುತ್ತಾರೆ, ತಂದೆತಾಯಿಯೂ ಕೂತು ಕಲಿಯಬೇಕು. ನನ್ನ ಪಕ್ಕದ ಕುರ್ಚಿ ಇಷ್ಟು ದಿನ ಖಾಲಿಯೇ ಇತ್ತು. ಇನ್ನೂ ಖಾಲಿ ಇದ್ದರೂ ನಾನು ಕಲಿಸುತ್ತೇನೆ, ಅವಳು ಕಲಿಯುತ್ತಾಳೆ.

ಇಂತಿ,
ತಲೆ ತಗ್ಗಿಸದ,
ಕಲ್ಯಾಣಿ

ತಾ.ಕ.: ನಿಮಗೆ ಹೇಳಬಾರದೆಂದು ಅತ್ತೆ ಆಣೆ ಹಾಕಿಸಿದ್ದಾರೆ, ಆದರೂ ಹೇಳುತ್ತೇನೆ. ನಿಮ್ಮ ತಂಗಿ ಶಶಿಕಲಾಳ ಕೂಸಿಗೂ ಮೊದಲ ಪರೀಕ್ಷೆ ಸರಿ ಬಂದಿರಲಿಲ್ಲ. ಅತ್ತೆಯೇ ಸೆರಗಿನಲ್ಲಿ ಸುತ್ತಿ ದೇವದುರ್ಗದ ಆಸ್ಪತ್ರೆಗೆ ಒಯ್ದಿದ್ದಾರೆ. ಒಂದು ಕಿವಿ ಸರಿ ಇದೆ, ಇನ್ನೊಂದಕ್ಕೆ ಮತ್ತೆ ಬರಲು ಹೇಳಿದ್ದಾರೆ, ಹೋಗುತ್ತಾರೆ. ಕರೆಯದೆಯೇ ಬಂದಿರಲ್ಲ ಅಜ್ಜಿ ಎಂದು ಅಲ್ಲಿಯ ನರ್ಸ್ ಕೇಳಿದ್ದಕ್ಕೆ ನಿಮ್ಮವ್ವ ಅಂದರಂತೆ: "ನಮ್ಮ ಸೊಸಿ ರಾಯಚೂರಾಗ ದೊಡ್ಡ ದೊಡ್ಡ ಡಾಕ್ಟರ್‌ಗೋಳ ಮುಂದ ಭಾಷಣ ಮಾಡ್ಯಾಳ. ನೀ ಕೇಳಿಲ್ಲೇನು?"