ಮುಳ್ಳು ಇಳಿಸುವ ಕೈ

ಎಸ್ತಾನ್ಸಿಯಾ
ಗುರುವಾರ, ಫೆಬ್ರವರಿ 19, 2004

ಪ್ರೀತಿಯ ಇಂದಾಯ್,

ಹಾಗಲ್ಲ ಮಗಳೇ, ನಾನು ಫೋನ್ ಇಟ್ಟದ್ದೂ ಅಲ್ಲ, ಸಿಟ್ಟು ಮಾಡಿಕೊಂಡದ್ದೂ ಅಲ್ಲ. ನಿನ್ನೆ ನೀನು ಪ್ರಬಂಧ ಓದಿ ಮುಗಿಸಿ, "ಅಪ್ಪಾ, ಕೇಳಿಸ್ತಾ? ಇದನ್ನೇ ಕಳಿಸ್ಲಾ?" ಅಂತ ಕೇಳಿದ್ದು ಚೆನ್ನಾಗಿಯೇ ಕೇಳಿಸಿತು. ಉತ್ತರ ನಾಲಿಗೆಗೆ ಬರುವಷ್ಟರಲ್ಲಿ ನಿನ್ನ ಫೋನಿನ ದುಡ್ಡು ಮುಗಿಯಿತು. ನನ್ನದರಲ್ಲಿ ಮೊದಲೇ ಇರಲಿಲ್ಲ. ಆಮೇಲೂ ಬಂದರಿನ ಕಟ್ಟೆಯ ತುದಿಯಲ್ಲಿ, ಸಿಗ್ನಲ್ ಸಿಗುವ ಆ ಒಂದೇ ಜಾಗದಲ್ಲಿ, ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ. ಐಸ್ ಹೊರುವವರು ಪಕ್ಕದಲ್ಲೇ ಹಾದುಹೋಗುತ್ತಾ, "ಏನ್ ಮಾವ, ಹೊಸ ಹೆಂಡ್ತಿ ಬೈತಿದಾಳಾ?" ಅಂತ ಚುಡಾಯಿಸಿದರು. ಅವರ ಪಾಡಿಗೆ ಅವರು ನಕ್ಕರು, ನಾನೂ ನಕ್ಕೆ.

ನೀನು ಹೋದ ತಿಂಗಳು ಬರೆದ ಕಾಗದಕ್ಕೂ ಉತ್ತರ ಬರೆದಿಲ್ಲ. ಕ್ಷಮಿಸು. ಮೆಡಿಕಲ್ ಪ್ರವೇಶ ಪರೀಕ್ಷೆಯ ಫಲಿತಾಂಶ ನೋಡಿ ನೀನು ಬರೆದದ್ದು ಅದು. ಸಮಾಧಾನ ಹೇಳಲೋ, ಧೈರ್ಯ ಹೇಳಲೋ ಅಂತ ಯೋಚಿಸುತ್ತಾ ಕಾಗದ ಮಡಿಸಿ ಇಡುವುದೇ ಆಯಿತು. ಈಗ ನಾಳೆ ಬೆಳಗಿನ ಬಸ್ಸಿಗೆ ಮೀನು ಮಾರುವ ಮನಾಂಗ್ ಪಾಸಿಂಗ್ ನೀನಿರುವ ಇಲೊಯ್ಲೊಗೆ ಒಣಮೀನು ತೆಗೆದುಕೊಂಡು ಬರುತ್ತಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಕಾಗದಕ್ಕೆ ಮೀನಿನ ವಾಸನೆ ಬಂದರೆ ನಾನಲ್ಲ, ಅವಳು. ನಿನ್ನ ಅರ್ಜಿ ಸೋಮವಾರ ಕಾಲೇಜಿಗೆ ಮುಟ್ಟಬೇಕು ಅಂದೆಯಲ್ಲ, ಅದಕ್ಕೆ ಮುಂಚೆ ಇದು ನಿನ್ನ ಕೈ ಸೇರಬೇಕು.

ನಿನ್ನ ಮೂವತ್ತೆಂಟರ ಸುದ್ದಿಯನ್ನು ಮಾರ್ಕೆಟ್ಟಿಗೆಲ್ಲ ಹಂಚಿದವಳೂ ಅವಳೇ. "ಎರಡೇ ಎರಡು ಮಾರ್ಕು! ನಲವತ್ತಕ್ಕೆ ಎರಡು ಮಾರ್ಕು ಕಡಮೆ ಆದ್ರೆ ಯಾರಾದ್ರೂ ಕೊಡಬಾರದಾ? ನಮ್ಮ ಕಾಲದಲ್ಲಿ ಮೇಷ್ಟ್ರ ಮನೆಗೆ ಒಂದು ಕೋಳಿ ಹೋದ್ರೆ ಸಾಕಿತ್ತು" ಅಂತ ನನ್ನ ಜೀವ ತಿಂದಳು. ಅದು ಮಾರ್ಕಲ್ಲ ಮಾರಾಯ್ತಿ, ಸಾಲು, ಅಂದೆ. ನೂರು ಜನರನ್ನು ನಿಲ್ಲಿಸಿದರೆ ಹಿಂದೆ ಮೂವತ್ತೆಂಟು ಜನ, ಉಳಿದವರೆಲ್ಲ ಮುಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಇಬ್ಬರನ್ನ ದಾಟೋದಾ? ಬೋಟು ಬಂದಾಗ ಸಾಲಲ್ಲಿ ದಿನಾ ಹತ್ತು ಜನರನ್ನ ದಾಟ್ತೀನಿ ನಾನು. ನಿನ್ನ ಮಗಳಿಗೆ ಮೊಣಕೈ ಇಲ್ವಾ?" ಅಂದಳು.

ಅವಳಿಗೆ ಹೇಳಿದ ಮೇಲೆ ನನಗೇ ಅದು ತಲೆಯಲ್ಲಿ ಕೂತುಬಿಟ್ಟಿದೆ ಇಂದಾಯ್. ಭಾನುವಾರ ಚರ್ಚಿನಲ್ಲಿ ಮಂಡಿಯೂರಿದಾಗ ನಿನ್ನ ಹಿಂದಿರುವ ಆ ಮೂವತ್ತೆಂಟು ಜನರ ನೆನಪು ಬಂತು. ಅವರಿಗೂ ಅಪ್ಪಂದಿರು ಇರುತ್ತಾರೆ, ಯಾವುದೋ ಊರಿನಲ್ಲಿ ಉತ್ತರ ಬರೆಯಲಾಗದೆ ಕಾಗದ ಮಡಿಸಿಡುತ್ತಾ. ಅವರಿಗಾಗಿಯೂ ಒಂದು ಪ್ರಾರ್ಥನೆ ಹೇಳಿದೆ. ಆಮೇಲೆ, ಅವರು ಈಗಲೇ ನಿನ್ನನ್ನು ದಾಟುವುದು ಬೇಡ ಅಂತಲೂ ಸೇರಿಸಿದೆ. ಅಪ್ಪನಾದವನು ಅಷ್ಟೂ ಮಾಡದಿದ್ದರೆ ಹೇಗೆ.

ನಲವತ್ತಕ್ಕೆ ಸ್ವಲ್ಪ ಕಡಮೆ ಇದ್ದವರನ್ನೂ ಆ ಕಾಲೇಜಿನವರು ನೋಡುತ್ತಾರಂತೆ, ಉಳಿದದ್ದೆಲ್ಲ ಗಟ್ಟಿ ಇದ್ದರೆ. ನೀನು ಗಟ್ಟಿ ಮಾಡಿಕೊಂಡಿದ್ದೀ, ನನಗೆ ಗೊತ್ತು. ಶನಿವಾರಗಳನ್ನೆಲ್ಲ ಆ ಕ್ಲಿನಿಕ್ಕಿಗೆ ಕೊಟ್ಟೆ, ಮುದುಕರ ರಕ್ತದೊತ್ತಡ ನೋಡಿದೆ, ಗಾಜಿನ ನಳಿಗೆ ತೊಳೆದೆ. ಅಲ್ಲಿಯ ಸಿಸ್ಟರ್ ಬೆನಿಲ್ಡಾ ನಿನ್ನ ಬಗ್ಗೆ ಎರಡು ಪುಟ ಶಿಫಾರಸು ಬರೆದುಕೊಟ್ಟಿದ್ದಾರೆ. ಆಕೆ ಯಾರಿಗೂ ಎರಡು ಸಾಲಿಗಿಂತ ಹೆಚ್ಚು ಬರೆದವರಲ್ಲ ಅಂತ ನೀನೇ ಹೇಳಿದ್ದೆ. ಉಳಿದದ್ದು ನೀನು ಬರೆದು ನಿನ್ನೆ ಓದಿದೆಯಲ್ಲ, ಡಾಕ್ಟರಾಗಬೇಕು ಯಾಕೆ ಅನ್ನುವ ಆ ಪ್ರಬಂಧ.

ಅದನ್ನು ತಿದ್ದಿದ ನಿನ್ನ ಟ್ಯೂಷನ್ ಸರ್ ಡೆಲ್ಮೊ ಬುದ್ಧಿವಂತರು, ಒಪ್ಪಿದೆ. ಎಲ್ಲರೂ ಕಾಯಿಲೆಯ ಅಜ್ಜಿಯನ್ನು ಬರೆಯುತ್ತಾರೆ, ಯಾರ ಹತ್ತಿರವೂ ಇಲ್ಲದ್ದನ್ನು ಬರಿ, ಅಂದರಂತೆ. ನಿನ್ನ ಹತ್ತಿರ ಅದು ಇತ್ತು. ನೀನು ಕಾಲು ಮುಂದಾಗಿ ಹುಟ್ಟಿದವಳು, ಅಂಥವರ ಕೈ ಸವರಿದರೆ ಗಂಟಲ ಮುಳ್ಳು ಇಳಿಯುತ್ತದೆ ಅಂತ ನಮ್ಮೂರ ನಂಬಿಕೆ. ಸೂಲಗಿತ್ತಿ ನಿನ್ನ ಎರಡು ಪಾದ ನೋಡಿ ಮೊದಲು ಶಿಲುಬೆ ಗುರುತು ಹಾಕಿಕೊಂಡಳು, ಆಮೇಲೆ ನಕ್ಕು, "ಇನ್ನು ಈ ಬೀದಿಗೆ ಮುಳ್ಳಿನ ಭಯ ಇಲ್ಲ" ಅಂದಳು. ನಿನಗೆ ನಡೆಯಲು ಬರುವ ಮೊದಲೇ ಜನ ಬಂದರು. ಮೀನಿನ ಮುಳ್ಳು ಸಿಕ್ಕಿಕೊಂಡ ಗಂಟಲು ನಿನ್ನ ಮುಂದೆ ಚಾಚಿ ಕೂರುವರು, ನಿನ್ನ ಅಮ್ಮ ನಿನ್ನ ಪುಟ್ಟ ಕೈ ಹಿಡಿದು ಮೇಲಿಂದ ಕೆಳಕ್ಕೆ ಸವರಿಸುವಳು, ಮುಳ್ಳು ಇಳಿಯುವುದು. ಇಳಿಯುತ್ತಿತ್ತೋ, ಇಳಿದಂತೆ ಅವರಿಗೆ ಅನ್ನಿಸುತ್ತಿತ್ತೋ, ನೀನೀಗ ಹೇಳಬಲ್ಲೆ. ಅಂತೂ ಬೀದಿಯವರೆಲ್ಲ ನಿನ್ನನ್ನು ಡಾಕ್ಟರ್ ಅಂತಲೇ ಕರೆದರು. ಪ್ರಬಂಧದಲ್ಲಿ ಅದೆಲ್ಲ ಚೆನ್ನಾಗಿ ಬಂದಿದೆ.

ಈಗ ಮುಖ್ಯ ವಿಷಯ. ಕಾಲೇಜಿನಲ್ಲಿ ನಾನು ಎರಡು ವರ್ಷ ಕಲಿತ ಇಂಗ್ಲಿಷು ನಿನಗೆ ಗೊತ್ತೇ ಇದೆ. ಹಳೆಯ ಟಾರ್ಚಿನ ಹಾಗೆ, ಕುಟ್ಟಿದರೆ ಹತ್ತುತ್ತದೆ. ನಮ್ಮ ಪ್ರೊಫೆಸರು ಪ್ರತಿ ಪ್ಯಾರಾಕ್ಕೂ ಒಂದು ಟಾಪಿಕ್ ಸೆಂಟೆನ್ಸ್ ಬೇಕು ಅಂತ ಮೇಜು ಗುದ್ದಿ ಹೇಳುತ್ತಿದ್ದರು, ಅದೊಂದು ಉಳಿದಿದೆ. ನೀನು ಓದುತ್ತಾ ಕೊನೆಯ ಪ್ಯಾರಾಕ್ಕೆ ಬಂದಾಗ ನಿನ್ನ ಕೈಗಳ ಬಗ್ಗೆ ಒಂದು ಸಾಲು ಬಂತು. 'ಕೇಪಬಲ್' ಅಂತ ನನಗೆ ಕೇಳಿಸಿತು. ಸಮರ್ಥ ಕೈಗಳು. ನಮ್ಮ ಹುಡುಗಿ ತನ್ನ ಕೈಗಳ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾಳೆ ಅಂತ ಆ ಗಾಳಿಯಲ್ಲಿ ಒಬ್ಬನೇ ತಲೆಯಾಡಿಸಿದೆ. ಆದರೆ ಆ ಸಾಲು ಓದುವಾಗ ನಿನ್ನ ದನಿ ಹೆಮ್ಮೆಯ ದನಿಯಾಗಿರಲಿಲ್ಲ. ಮನೆಗೆ ಬರುತ್ತಾ ದಾರಿಯಲ್ಲಿ ಅದೇ ಕೊರೆಯಿತು. ಟ್ರಂಕಿನಿಂದ ಡಿಕ್ಷನರಿ ತೆಗೆದು ನೋಡಿದೆ. ಇಲಿ ತಿಂದು ಉಳಿದ ಪುಟಗಳಲ್ಲಿ ಅದೂ ಇತ್ತು. 'ಕಲ್ಪಬಲ್.' ತಪ್ಪಿತಸ್ಥ.

ತಪ್ಪಿತಸ್ಥ ಕೈಗಳು. ನನ್ನ ಈ ಕೈಗಳೇ ಅಮ್ಮನ ಚಿಕಿತ್ಸೆಯನ್ನು ತಡ ಮಾಡಿದವು, ಆ ಅಜ್ಞಾನದ ಪ್ರಾಯಶ್ಚಿತ್ತವಾಗಿ ವೈದ್ಯಳಾಗುತ್ತೇನೆ, ಅಂತ ಬರೆದಿದ್ದೀ. ಪದ ಸರ್ ಡೆಲ್ಮೊ ಅವರದಿರಬೇಕು. ಆದರೆ ಮಾತು ನಿನ್ನದು. ಅದು ಗೊತ್ತಾದಾಗ ಮಂಚದ ಮೇಲೆ ಕೂತುಬಿಟ್ಟೆ. ಅಮ್ಮ ಹೋದಾಗ ಹದಿನಾಲ್ಕು ವರ್ಷದವಳಾಗಿದ್ದವಳು ಅಂದಿನಿಂದ ಇದನ್ನು ಹೊತ್ತುಕೊಂಡು ಓಡಾಡಿದ್ದಾಳೆ, ಎದುರಿಗೆ ಕೂತು ಊಟ ಮಾಡಿದ ನನಗೆ ಕಂಡಿಲ್ಲ.

ಕೇಳು. ಆ ವರ್ಷ ಲೆಂಟ್ ಉಪವಾಸದ ದಿನಗಳಲ್ಲಿ ಅಮ್ಮ ನಿನ್ನನ್ನು ಕರೆದು, "ಬಂಗುಸ್ ಮೀನಿನ ಮುಳ್ಳು ಸಿಕ್ಕಿದೆ, ಸ್ವಲ್ಪ ಸವರು" ಅಂದಳಲ್ಲ, ಆವತ್ತಿನಿಂದ ಸಂಜೆ ಸಂಜೆ ನೀನು ಸವರಿದೆ. ಅನ್ನ ಬಿಟ್ಟಳು, ಗಂಜಿಗೆ ಬಂದಳು, ಆದರೂ ನೀನು ಕೈ ತೆಗೆದಾಗಲೆಲ್ಲ "ಇಳೀತು ನೋಡು" ಅನ್ನುತ್ತಿದ್ದಳು. ಆಮೇಲೆ ಆಸ್ಪತ್ರೆ, ಅನ್ನನಾಳದ ಗಡ್ಡೆ ಅನ್ನುವ ಮಾತು, ತಡವಾಗಿದೆ ಅನ್ನುವ ಮಾತು. ನಿನ್ನ ಲೆಕ್ಕ ಅಲ್ಲಿಗೆ ನಿಂತಿದೆ. ಅದರ ಹಿಂದಿನದು ನಿನಗೆ ಗೊತ್ತಿಲ್ಲ.

ಅವಳು ನಿನ್ನನ್ನು ಕರೆಯುವ ಮೊದಲೇ ರೊಹಾಸ್ ಪಟ್ಟಣಕ್ಕೆ ಹೋಗಿ ಬಂದಿದ್ದಳು. ನಿನ್ನ ಶಾಲೆಯ ಸಮಾರಂಭಕ್ಕೆ ಬಟ್ಟೆ ತರುತ್ತೇನೆ ಅಂತ ನಿನ್ನ ಸೊಲೆದಾದ್ ಚಿಕ್ಕಮ್ಮನನ್ನು ಜೊತೆಗೆ ಕರೆದುಕೊಂಡು ಹೋದದ್ದು ನೆನಪಿದೆಯಾ? ಬಟ್ಟೆಯನ್ನೂ ತಂದಳು, ಹಳದಿ ಬಣ್ಣದ್ದು. ಆದರೆ ಮೊದಲು ಹೋದದ್ದು ಆಸ್ಪತ್ರೆಗೆ. ಗಂಟಲೊಳಗೆ ನಳಿಗೆ ಇಳಿಸಿ ನೋಡಿದ ಡಾಕ್ಟರು ಎಲ್ಲವನ್ನೂ ಹೇಳಿದ್ದರಂತೆ. ಮನಿಲಾದಲ್ಲಿ ಕೊಯ್ದು ನೋಡಬಹುದು, ಆದರೆ ಆಗಲೇ ಹಬ್ಬಿದೆ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಅಂತ. ಮುಳ್ಳಿನ ಮಾತು ಶುರುವಾದದ್ದು ಅದಾದ ಮೇಲೆ. ಅರ್ಥವಾಯಿತಾ? ನಿನ್ನ ಕೈ ಏನನ್ನೂ ತಡ ಮಾಡಲಿಲ್ಲ. ನೀನು ಮುಟ್ಟಿದ ಮೊದಲ ಸಂಜೆಗೇ ಅವಳಿಗೆ ಒಳಗೆ ಮುಳ್ಳಿಲ್ಲ ಅಂತ ಗೊತ್ತಿತ್ತು.

ಇದನ್ನು ನನಗೆ ಹೇಳಿದ್ದು ಸೊಲೆದಾದ್, ವರ್ಷ ತುಂಬಿ ನಾವು ಕಪ್ಪು ಬಟ್ಟೆ ಬಿಚ್ಚಿದ ದಿನ. ಹಾಗಾದರೆ ಮಗು ಕೈಲಿ ಯಾಕೆ ಸವರಿಸಿಕೊಂಡಳು, ಅಂತ ನಾನು ಕೇಳಿದೆ. ಸೊಲೆದಾದ್ ಕೂಡ ಅಮ್ಮನಿಗೆ ಅದನ್ನೇ ಕೇಳಿ, "ಆ ಮಗೂನ ಯಾಕೆ ಗೋಳು ಹೊಯ್ಕೋತೀಯಾ" ಅಂತ ಬೈದಿದ್ದಳಂತೆ. ಅದಕ್ಕೆ ಅಮ್ಮ ಹೇಳಿದ ಮಾತು ಇಷ್ಟೇ: "ಗಂಟಲು ಸವರೋವಾಗ ಅವಳು ನನ್ನ ಮುಖ ನೋಡಲ್ಲ, ಕೈಯನ್ನೇ ನೋಡ್ತಿರ್ತಾಳೆ. ಆಗ ನಾನು ಎಷ್ಟು ಹೊತ್ತು ಬೇಕಾದ್ರೂ ಅವಳನ್ನ ನೋಡಬಹುದು."

ಆದ್ದರಿಂದ ಆ ಸಾಲು ತೆಗೆದುಬಿಡು. ಸೀಟು ಕೊಡಿಸುವುದೇ ಆ ಸಾಲು ಅಂತ ಸರ್ ಡೆಲ್ಮೊ ಹೇಳಿದ್ದಾರೆ, ಗೊತ್ತು. ಅವರ ಮಾತು ನಿಜವೇ ಇರಬಹುದು. ಕಮಿಟಿಯವರು ಅದನ್ನು ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬಹುದು, ಮೂವತ್ತೆಂಟನ್ನು ಮರೆಯಬಹುದು. ಅದಿಲ್ಲದೆ ಈ ಸಲ ನಿನ್ನನ್ನು ತೆಗೆದುಕೊಳ್ಳದೆಯೂ ಹೋಗಬಹುದು. ಹೋಗಲಿ. ಡಿಸೆಂಬರಿನಲ್ಲಿ ಪರೀಕ್ಷೆ ಇನ್ನೊಂದು ಸಲ ಬರಿ, ನಾನು ಇನ್ನೊಂದು ವರ್ಷ ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ಕೂರುತ್ತೇನೆ, ನನಗೇನು. ಆದರೆ ಆ ಸಾಲಿನ ಮೇಲೆ ಕಾಲಿಟ್ಟು ಒಳಗೆ ಹೋದರೆ, ಮುಂದೆ ಯಾರ ಮೈ ಮುಟ್ಟಿದಾಗಲೂ ನಿನಗೆ ಅದೇ ನೆನಪಾಗುತ್ತದೆ.

ಅದರ ಬದಲಿಗೆ ಏನು ಬರೆಯಲಿ ಅನ್ನುತ್ತೀಯ. ಈ ಕ್ರಿಸ್‌ಮಸ್ ರಜೆಯಲ್ಲಿ ದೋಣಿಯ ತಿಯೊ ಇಸ್ಕೊ ಮುಳ್ಳು ಸಿಕ್ಕಿಸಿಕೊಂಡು ಓಡಿಬಂದನಲ್ಲ, ಅದನ್ನು ಬರಿ. ನೀನು ಮೊದಲು ಅವನ ಗಂಟಲು ಸವರಿದೆ, ಅವನ ಉಸಿರು ನೆಟ್ಟಗಾಗುವವರೆಗೆ. ಆಮೇಲೆ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿ, ಕೈಗೆ ಸಿಗುವ ಜಾಗವಲ್ಲ ಅಂತ ಟ್ರೈಸಿಕಲ್ ಹತ್ತಿಸಿ ಹೆಲ್ತ್ ಸೆಂಟರಿಗೆ ಕರೆದುಕೊಂಡು ಹೋದೆ. ಅವನು ಇನ್ನೂ ಗೊಣಗುತ್ತಾನೆ: "ಓದಿದ ಮೇಲೆ ಇವಳ ಕೈಗುಣ ಹೋಯ್ತು ನೋಡು. ಮೊದಲು ಬಿಟ್ಟಿಯಲ್ಲಿ ಆಗ್ತಿತ್ತು, ಈಗ ಟ್ರೈಸಿಕಲ್ ಬಾಡಿಗೆ ಬೇರೆ." ಅವನ ಗೊಣಗಾಟವನ್ನೂ ಸೇರಿಸಿ ಬರಿ. ಕಣ್ಣೀರು ಬರಿಸುವುದಿಲ್ಲ ಅದು. ಆದರೆ ಅದನ್ನು ಓದಿದವರಿಗೆ ನೀನು ಎಂಥ ಡಾಕ್ಟರಾಗುತ್ತೀ ಅಂತ ಗೊತ್ತಾಗುತ್ತದೆ. ಅವನು ಹೆದರಿದ್ದು ನಿನಗೆ ಮೊದಲು ಕಂಡಿತು, ಮುಳ್ಳು ಆಮೇಲೆ.

ಇನ್ನೂ ಏನೇನೋ ಇತ್ತು ಬರೆಯಲು. ಕೋಳಿಗಳ ವಿಷಯ, ಚಾವಣಿಯ ತಗಡಿನ ವಿಷಯ. ಇವತ್ತೂ ಕರೆಂಟಿಲ್ಲ, ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ರಾತ್ರಿ ಬಲೆಯ ದೋಣಿಗಳು ಹೊರಟಿವೆ. ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ, ಈಗ ನೋಡಿದರೆ ಬೆಳಕು ಹೋಗುತ್ತಿದೆ. ನಿಲ್ಲಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿಂದಲೇ ನನ್ನ ಕೈಯನ್ನು ನಿನ್ನ ಹಣೆಗೆ ಮುಟ್ಟಿಸಿದ್ದೇನೆ ಅಂದುಕೊ. ದೇವರು ನಿನ್ನ ಎರಡೂ ಕೈಗಳನ್ನು ಕಾಯಲಿ.

ನಿನ್ನ ಅಪ್ಪ,
ಎರ್ಮೊ

ವಿ. ಸೂ. ನಿನ್ನೆ ಯಾಕೆ ಮಾತಾಡಲಿಲ್ಲ ಅಂತ ಇನ್ನೂ ಹೇಳಲೇ ಇಲ್ಲ. ಆ ಪದದಿಂದಲ್ಲ, ಅದು ಆಗ ನನಗೆ ತಿಳಿದೇ ಇರಲಿಲ್ಲವಲ್ಲ. ಅದಕ್ಕೆ ಸ್ವಲ್ಪ ಮೊದಲು ನೀನು ಇನ್ನೊಂದು ಸಾಲು ಓದಿದೆ. ಅಮ್ಮನಿಗೆ ಏನಾಗಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಂತ. ಸುಲಭದ ಇಂಗ್ಲಿಷು, ಪೂರ್ತಿ ಅರ್ಥವಾಯಿತು. ಅಮ್ಮ ತನ್ನ ತಂಗಿಗೆ ಹೇಳಿದ್ದಳು. ನಿನ್ನ ಕೈಯನ್ನು ಗಂಟಲ ಮೇಲೆ ಇಟ್ಟುಕೊಂಡಿದ್ದಳು. ರಾತ್ರಿ ನನ್ನ ಪಕ್ಕ ಮಲಗಿ, ನಾಳೆ ಐಸ್ ಲಾರಿ ಎಷ್ಟೊತ್ತಿಗೆ ಬರುತ್ತೆ, ಅಂತ ಕೇಳಿ ಗೋಡೆಯ ಕಡೆ ತಿರುಗುತ್ತಿದ್ದಳು. ನಾನು ಲಾರಿಯ ಹೊತ್ತು ಹೇಳುತ್ತಿದ್ದೆ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳೋಣವೆಂದರೆ ಕೇಳಬೇಕಾದವಳು ಇಲ್ಲ. ಆ ಸಾಲನ್ನೂ ತೆಗೆದುಬಿಡು ಇಂದಾಯ್. ಅದು ನಿನ್ನ ಅರ್ಜಿಗೆ ಸೇರಿದ್ದಲ್ಲ, ನನಗೆ ಸೇರಿದ್ದು. ನನ್ನ ಹತ್ತಿರವೇ ಇರಲಿ.